ಅಡಿಕೆ ವಿಂಗಡಿಸುವ ಪ್ರೋಗ್ರಾಂ: ಕಂಪೈಲರ್‌ಗೆ ಸುಳಿವು ಕೊಟ್ಟರೂ ವೇಗ ಏರುತ್ತಿಲ್ಲ, ಎಲ್ಲಿ ನೋಡಬೇಕು?

ತೋಟದಂಚು (ಶಿರಸಿ)

ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿದ) ಅಡಿಕೆಯಲ್ಲಿ ಕೀಳು ದರ್ಜೆಯ ಕೋಕಾ, ಬಿಳೆಗೋಟು ಬೇರೆ ಮಾಡುವ ಸಣ್ಣ ಬೆಲ್ಟ್ ಯಂತ್ರದ ಪ್ರೋಗ್ರಾಂ ಇದು. ಸಿ ಪ್ಲಸ್ ಪ್ಲಸ್, ರಾಸ್ಪ್‌ಬೆರಿ ಪೈ 4, 64 ಬಿಟ್ ಓಎಸ್, ಜಿಸಿಸಿ 12 ಕಂಪೈಲರ್, ಕೋಡ್ ವೇಗಗೊಳಿಸುವ ಓ2 ಹಂತ. ಕ್ಯಾಮೆರಾ 1280×720, ಸೆಕೆಂಡಿಗೆ 30 ಫ್ರೇಮ್. ಒಂದು ಪಿಕ್ಸೆಲ್‌ಗೆ ಮೂರು ಬೈಟ್: ಕೆಂಪು, ಹಸಿರು, ನೀಲಿ ಒಂದರ ಪಕ್ಕ ಒಂದು.

ಒಳಗಿನ ಲೂಪ್ ಪ್ರತಿ ಪಿಕ್ಸೆಲ್‌ಗೂ ಮೂರು ಕೆಲಸ ಮಾಡುತ್ತದೆ. ಅದು ಬೆಲ್ಟಿನ ಕಪ್ಪೋ ಅಡಿಕೆಯೋ ನೋಡುತ್ತದೆ. ಅಡಿಕೆಯಾದರೆ ಮಾಸ್ಕ್ ಚಿತ್ರದಲ್ಲಿ 255 ಬರೆಯುತ್ತದೆ. ಆಮೇಲೆ ಅದರ ಬಣ್ಣವನ್ನು 256 ಮನೆಗಳ ಎಣಿಕೆ ಕೋಷ್ಟಕಕ್ಕೆ ಸೇರಿಸುತ್ತದೆ. ಚಿತ್ರದ ಅಗಲ, ಎತ್ತರ, ಮಾಸ್ಕಿನ ಪಾಯಿಂಟರ್ (ಮೆಮೊರಿ ವಿಳಾಸ) ಎಲ್ಲ ಒಂದು ಸ್ಟ್ರಕ್ಟ್ (ಚರಗಳ ಕಟ್ಟು) ಒಳಗಿವೆ.

ಬಣ್ಣದ ಷರತ್ತಿಗೆ ಲೈಕ್ಲಿ (ಹೆಚ್ಚಾಗಿ ನಿಜ ಎಂಬ) ಗುರುತು ಹಾಕಿದ್ದಾಗಿದೆ. ಫಂಕ್ಷನ್‌ಗಳಿಗೆ ಇನ್‌ಲೈನ್ (ಕರೆಯುವ ಬದಲು ಕೋಡನ್ನೇ ಅಲ್ಲಿ ಸೇರಿಸು ಎಂಬ ಪದ) ಹಚ್ಚಿದೆ. ಮುಂದಿನ ಸಾಲಿನ ಡೇಟಾಕ್ಕೆ ಪ್ರಿಫೆಚ್ (ಮೊದಲೇ ತಂದಿಡು ಎಂಬ ಸೂಚನೆ) ಕೊಟ್ಟಿದೆ. ಒಂದು ಫ್ರೇಮಿಗೆ ಇರುವುದು 33 ಮಿಲಿಸೆಕೆಂಡ್, ಅದು ಇನ್ನೂ ಮೀರುತ್ತಲೇ ಇದೆ. ಪ್ರಿಫೆಚ್ ಹಾಕಿದ ಮೇಲೆ ತುಸು ನಿಧಾನವೇ ಆಗಿದೆ. ಮುಂದೆ ಯಾವ ಸುಳಿವು ಕೊಡಬೇಕು?

ಕಾಳಿ ಸಂಗಮ (ಕಾರವಾರ)

ಸುಳಿವು ಹಾಕುವ ಮೊದಲು ಲೆಕ್ಕ ಹಾಕೋಣ. 1280×720 ಅಂದರೆ 9,21,600 ಪಿಕ್ಸೆಲ್. ಸೆಕೆಂಡಿಗೆ 30 ಬಾರಿ ಅಂದರೆ 2.76 ಕೋಟಿ ಪಿಕ್ಸೆಲ್. ಪೈ 4ರ ಒಂದು ಕೋರ್ 1.5 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 150 ಕೋಟಿ ಸೈಕಲ್ ಓಡುತ್ತದೆ. ಭಾಗಿಸಿದರೆ ಪಿಕ್ಸೆಲ್ ಒಂದಕ್ಕೆ ಸುಮಾರು 54 ಸೈಕಲ್. ನೀವು ಹೇಳಿದ ಕೆಲಸಕ್ಕೆ ಇದು ಧಾರಾಳ. ಇಷ್ಟೂ ಸಾಲುತ್ತಿಲ್ಲ ಅಂದರೆ ಕಂಪೈಲರ್‌ಗೆ ಯಾವುದೋ ಒಂದು ವಿಷಯ ಗೊತ್ತಿಲ್ಲ, ಅದಕ್ಕೇ ಅದು ಅಂಜಿಕೊಂಡು ಕೋಡ್ ಹುಟ್ಟಿಸುತ್ತಿದೆ. ಆ ಗೊತ್ತಿಲ್ಲದ್ದು ಯಾವುದು ಎಂದು ಅದನ್ನೇ ಕೇಳಬೇಕು. ನಾವೇ ಊಹೆ ಮಾಡಿ ಸುಳಿವು ಅಂಟಿಸುತ್ತ ಹೋದರೆ ಅದಕ್ಕೆ ಮೊದಲೇ ಗೊತ್ತಿದ್ದದ್ದನ್ನು ಮತ್ತೆ ಹೇಳಿದ ಹಾಗೆ ಆಗುತ್ತದೆ.

ಕೇಳುವ ದಾರಿ ಇದೆ. ಜಿಸಿಸಿಗೆ -ಎಫ್ಆಪ್ಟ್-ಇನ್ಫೋ-ವೆಕ್-ಮಿಸ್ಡ್ ಎಂಬ ಆಯ್ಕೆ ಕೊಡಿ. ಯಾವ ಲೂಪ್ ವೆಕ್ಟರ್ (ಒಂದೇ ಸೂಚನೆಯಲ್ಲಿ ಹಲವು ಪಿಕ್ಸೆಲ್ ಮುಗಿಸುವ ಕೋಡ್) ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಸಾಲಿನ ಸಂಖ್ಯೆಯ ಸಮೇತ ಬರೆಯುತ್ತದೆ. ಕ್ಲ್ಯಾಂಗ್ ಬಳಸುವವರಿಗೆ -ಆರ್‌ಪಾಸ್-ಮಿಸ್ಡ್=ಲೂಪ್-ವೆಕ್ಟರೈಜ್. ವರದಿ ಉದ್ದ ಬರುತ್ತದೆ, ನಿಮ್ಮ ಒಳಲೂಪಿನ ಸಾಲುಗಳನ್ನು ಮಾತ್ರ ಹೆಕ್ಕಿಕೊಳ್ಳಿ.

ಕೋಡ್ ನೋಡದೆಯೂ ಒಂದು ಜಾಗದ ಮೇಲೆ ನನಗೆ ಬಲವಾದ ಸಂಶಯ. ಮಾಸ್ಕಿಗೆ 255 ಬರೆಯುತ್ತೀರಿ, ಅಂದರೆ ಅದು ಬೈಟ್ ಪಾಯಿಂಟರ್ ಇರಬೇಕು. ಸಿ ಮತ್ತು ಸಿ ಪ್ಲಸ್ ಪ್ಲಸ್ ನಿಯಮದ ಪ್ರಕಾರ ಕ್ಯಾರ್ (ಒಂದು ಬೈಟಿನ) ಜಾತಿಯ ಪಾಯಿಂಟರ್ ಮೆಮೊರಿಯ ಯಾವ ವಸ್ತುವನ್ನು ಬೇಕಾದರೂ ಮುಟ್ಟಬಹುದು. 8 ಬಿಟ್ಟಿನ ಅನ್‌ಸೈನ್ಡ್ ಇಂಟ್ ಅಂದರೂ ಒಳಗೆ ಅದು ಅನ್‌ಸೈನ್ಡ್ ಕ್ಯಾರೇ. ಹಾಗಾಗಿ ಮಾಸ್ಕಿಗೆ ಒಂದು ಬೈಟ್ ಬರೆದ ಕೂಡಲೇ, ಆ ಬರಹ ಸ್ಟ್ರಕ್ಟ್ ಒಳಗಿನ ಅಗಲವನ್ನೋ ಎತ್ತರವನ್ನೋ ಮಾಸ್ಕ್ ಪಾಯಿಂಟರನ್ನೋ ಬದಲಿಸಿರಬಹುದು ಎಂದು ಕಂಪೈಲರ್ ಒಪ್ಪಿಕೊಳ್ಳಲೇಬೇಕು. ಪ್ರತಿ ಸುತ್ತಿಗೂ ಅವನ್ನು ಮೆಮೊರಿಯಿಂದ ಮತ್ತೆ ಓದುತ್ತದೆ. ಲೂಪ್ ಎಷ್ಟು ಸುತ್ತು ಎಂದೇ ಮೊದಲಿಗೆ ಗೊತ್ತಾಗದ ಕಾರಣ ವೆಕ್ಟರ್ ಮಾಡುವ ಮಾತೇ ಬರುವುದಿಲ್ಲ.

ಇದಕ್ಕೆ ವಿಶೇಷ ಸುಳಿವೇನೂ ಬೇಡ. ಲೂಪಿಗೆ ಮೊದಲು ಅಗಲ, ಎತ್ತರ, ಪಾಯಿಂಟರ್ ಮೂರನ್ನೂ ಸ್ಥಳೀಯ ಚರಗಳಿಗೆ ಇಳಿಸಿಕೊಳ್ಳಿ, ಲೂಪಿನಲ್ಲಿ ಅವನ್ನೇ ಬಳಸಿ. ಸ್ಥಳೀಯ ಚರದ ವಿಳಾಸ ಯಾರಿಗೂ ಕೊಟ್ಟಿಲ್ಲ ಎಂದು ಕಂಪೈಲರ್‌ಗೆ ಕಾಣುತ್ತದೆ, ಬದಲಾಗಲಾರದು ಎಂದು ಅದಕ್ಕೇ ತಿಳಿಯುತ್ತದೆ. ನಾವು ಕೊಡಬಹುದಾದ ಸುಳಿವುಗಳಲ್ಲಿ ಅತಿ ಸುರಕ್ಷಿತವಾದದ್ದು ಇದೇ: ಸುಳ್ಳಾಗಲು ಇದರಲ್ಲಿ ಜಾಗವೇ ಇಲ್ಲ.

ಬನವಾಸಿ ರಸ್ತೆ (ಶಿರಸಿ)

ನೀವು ಈಗಾಗಲೇ ಹಾಕಿದ ಮೂರರ ಬಗ್ಗೆ ಹೇಳುತ್ತೇನೆ.

ಇನ್‌ಲೈನ್ ಎಂಬ ಪದ ಇವತ್ತು ಮುಖ್ಯವಾಗಿ ಲಿಂಕರ್‌ಗೆ ಸಂಬಂಧಿಸಿದ್ದು: ಒಂದೇ ಫಂಕ್ಷನ್ ಹಲವು ಕಡತಗಳಲ್ಲಿ ಬಂದರೂ ದೋಷವಲ್ಲ ಎಂದು ಹೇಳುತ್ತದೆ. ಒಳಸೇರಿಸುವ ತೀರ್ಮಾನವನ್ನು ಕಂಪೈಲರ್ ತನ್ನ ಅಳತೆಯಲ್ಲೇ ಮಾಡುತ್ತದೆ, ಈ ಪದದಿಂದ ಆ ಅಳತೆ ತುಸು ಸಡಿಲವಾಗುತ್ತದೆ ಅಷ್ಟೆ. ರಿಜಿಸ್ಟರ್ ಎಂಬ ಪದಕ್ಕೂ ಹೀಗೇ ಆಗಿತ್ತು. ಸಿ ಪ್ಲಸ್ ಪ್ಲಸ್ 17ರಲ್ಲಿ ಅದರ ಹಳೆಯ ಅರ್ಥವನ್ನೇ ತೆಗೆದು ಹಾಕಿದರು. ಖಂಡಿತ ಒಳಸೇರಿಸಲೇಬೇಕು ಅಂತಿದ್ದರೆ ಆಲ್ವೇಸ್-ಇನ್‌ಲೈನ್ ಆಟ್ರಿಬ್ಯೂಟ್ ಇದೆ. ಆದರೆ ಕಂಡಕಂಡಲ್ಲಿ ಹಾಕಿದರೆ ಕೋಡ್ ಉಬ್ಬಿ ಸೂಚನೆಗಳ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ತುಂಬುತ್ತದೆ. ನಿಮ್ಮ ಪೈ 4ರ ಪ್ರೊಸೆಸರ್ ಕಾರ್ಟೆಕ್ಸ್ ಎ72ರಲ್ಲಿ ಅದು 48 ಕಿಲೋಬೈಟ್.

ಲೈಕ್ಲಿ ಅಂದರೆ ಸಾಮಾನ್ಯವಾಗಿ ನಿಜ ಎಂದಲ್ಲ, ಬಹುಮಟ್ಟಿಗೆ ಯಾವಾಗಲೂ ನಿಜ ಎಂದು. ಜಿಸಿಸಿ ಬಿಲ್ಟಿನ್ ಎಕ್ಸ್‌ಪೆಕ್ಟ್ (ಲೈಕ್ಲಿಯ ಜಿಸಿಸಿ ರೂಪ) ಕಂಡರೆ 90 ಶೇಕಡಾ ಸಂಭವ ಎಂದು ಎಣಿಸುತ್ತದೆ. ಆ ದಾರಿಯ ಕೋಡನ್ನು ನೇರ ಸಾಲಾಗಿ ಜೋಡಿಸಿ ಇನ್ನೊಂದನ್ನು ದೂರ ತಳ್ಳುತ್ತದೆ. ಪ್ರೊಸೆಸರಿನ ಒಳಗಿನ ಕವಲು ಊಹಕಕ್ಕೆ ಇದರಿಂದ ಏನೂ ತಿಳಿಯುವುದಿಲ್ಲ, ಅದು ಓಡುತ್ತಲೇ ತಾನೇ ಕಲಿಯುತ್ತದೆ. ಬೆಲ್ಟ್ ಖಾಲಿ ಇದ್ದಾಗ ಕಪ್ಪೇ ಹೆಚ್ಚು, ತುಂಬಿದಾಗ ಅಡಿಕೆಯೇ ಹೆಚ್ಚು. ಅಂಥ ಷರತ್ತಿಗೆ ಲೈಕ್ಲಿ ಹಾಕುವುದು ತಪ್ಪು ಜಾಗ. ಅದು ಸೇರಬೇಕಾದ್ದು ಕ್ಯಾಮೆರಾದ ಕೇಬಲ್ ಕಿತ್ತುಹೋದದ್ದು, ಫ್ರೇಮ್ ಅರ್ಧ ಬಂದದ್ದು ಇಂಥ ಪರೀಕ್ಷೆಗಳ ಹತ್ತಿರ. ಅಲ್ಲೂ ದೋಷ ನಿಭಾಯಿಸುವ ಫಂಕ್ಷನ್‌ಗೆ ಕೋಲ್ಡ್ ಆಟ್ರಿಬ್ಯೂಟ್ ಕೊಟ್ಟರೆ ಸಾಕು: ಅದನ್ನು ಕರೆಯುವ ಕವಲುಗಳೆಲ್ಲ ಅಪರೂಪ ಎಂದು ತಾನಾಗಿ ಗೊತ್ತಾಗುತ್ತದೆ, ಕೋಡ್ ಕೂಡ ಬೇರೆ ವಿಭಾಗಕ್ಕೆ ಹೋಗುತ್ತದೆ.

ಪ್ರಿಫೆಚ್ ತೆಗೆದುಬಿಡಿ. ಸಾಲಾಗಿ ಮುಂದೆ ಸಾಗುವ ಓದನ್ನು ಯಂತ್ರಾಂಶವೇ ಗುರುತಿಸಿ ಮೊದಲೇ ತಂದಿಡುತ್ತದೆ. 64 ಬೈಟಿನ ಒಂದು ಕ್ಯಾಶ್ ಸಾಲಿನಲ್ಲಿ ನಿಮ್ಮ 21 ಪಿಕ್ಸೆಲ್ ಹಿಡಿಯುತ್ತವೆ. ಪ್ರತಿ ಪಿಕ್ಸೆಲ್‌ಗೂ ಒಂದು ಪ್ರಿಫೆಚ್ ಸೂಚನೆ ಅಂದರೆ 20 ಸೂಚನೆ ದಂಡ. ಕೊಂಡಿಪಟ್ಟಿ, ಹ್ಯಾಶ್ ಕೋಷ್ಟಕದಂಥ ಹಾರುವ ಓದಿಗೆ, ಅದೂ ಮುಂದಿನ ವಿಳಾಸ ಬೇಗ ಗೊತ್ತಿದ್ದರೆ ಮಾತ್ರ, ಅದು ಉಪಯೋಗ.

ತೋಟದಂಚು (ಶಿರಸಿ)

ಸ್ಥಳೀಯ ಚರಗಳಿಗೆ ಇಳಿಸಿ ವರದಿ ತೆಗೆದದ್ದಾಯಿತು. ಸುತ್ತುಗಳ ಸಂಖ್ಯೆ ಲೆಕ್ಕ ಹಾಕಲಾಗದು ಎಂಬ ಅರ್ಥದ ಸಾಲು ಮೊದಲು ಬರುತ್ತಿತ್ತು, ಈಗ ಹೋಗಿದೆ. ಫ್ರೇಮಿನ ಸಮಯವೂ ಇಳಿದಿದೆ. ಆದರೂ ವೆಕ್ಟರ್ ಆಗಿಲ್ಲ. ಈಗ ಲೂಪಿನ ಒಳಗಿನ ಕವಲನ್ನೂ ಎಣಿಕೆ ಕೋಷ್ಟಕವನ್ನೂ ದೂರುತ್ತದೆ. ಪಾಯಿಂಟರುಗಳು ಒಂದೇ ಜಾಗ ಮುಟ್ಟವು ಎಂದು ಹೇಳುವ ರೆಸ್ಟ್ರಿಕ್ಟ್ ಹಾಕಿದರೆ ಸರಿಹೋದೀತೆ?

ಕಾಳಿ ಸಂಗಮ (ಕಾರವಾರ)

ರೆಸ್ಟ್ರಿಕ್ಟ್ ಹಾಕೋಣ, ಆದರೆ ಮೊದಲು ಆ ಎರಡು ದೂರು ತೀರಲಿ. ಅವು ಇರುವ ತನಕ ರೆಸ್ಟ್ರಿಕ್ಟ್‌ನಿಂದ ಏನೂ ಆಗದು.

ಕವಲಿನದು: ಅಡಿಕೆಯಾದರೆ ಮಾತ್ರ 255 ಬರೆ ಎಂದು ನೀವು ಹೇಳಿದ್ದೀರಿ. ಬರೆಯಬಾರದ ಕಡೆ ಕಂಪೈಲರ್ ತಾನಾಗಿ ಬರೆಯುವಂತಿಲ್ಲ. ಆ ಜಾಗ ಓದಲಿಕ್ಕೆ ಮಾತ್ರ ಇರಬಹುದು, ಇನ್ನೊಂದು ಥ್ರೆಡ್ ಅಲ್ಲಿ ಬರೆಯುತ್ತಿರಬಹುದು. ಪೈಯ ವೆಕ್ಟರ್ ಸೂಚನೆಗಳ ಗುಂಪಾದ ನಿಯಾನ್‌ನಲ್ಲಿ ಆಯ್ದ ಬೈಟುಗಳಿಗೆ ಮಾತ್ರ ಬರೆಯುವ ಸೂಚನೆಯೂ ಇಲ್ಲ. ಹೀಗಾಗಿ ನಿಂತುಬಿಡುತ್ತದೆ. ಪ್ರತಿ ಪಿಕ್ಸೆಲ್‌ಗೂ ಬರೆಯಿರಿ: ಷರತ್ತು ನಿಜವಾದರೆ 255, ಇಲ್ಲವಾದರೆ 0. ಮಾಸ್ಕನ್ನು ಮೊದಲೇ ಸೊನ್ನೆ ಮಾಡುವ ಕೆಲಸವೂ ಇದರಲ್ಲೇ ತೀರಿತು. ಷರತ್ತಿನಲ್ಲಿ ಎರಡು ಆಂಪರ್ಸ್ಯಾಂಡ್ ಇದ್ದರೆ ಒಂದು ಮಾಡಿ. ಎರಡಿದ್ದರೆ ಮೊದಲನೆಯದು ಸುಳ್ಳಾದಾಗ ಎರಡನೆಯದನ್ನು ಓದಲೇಬಾರದು ಎಂಬ ನಿಯಮ ಬರುತ್ತದೆ, ಅದು ಮತ್ತೊಂದು ಕವಲು. ಮೂರೂ ಬಣ್ಣ ಮೊದಲು ಓದಿ, ಹೋಲಿಕೆಗಳನ್ನು ಒಂದೇ ಆಂಪರ್ಸ್ಯಾಂಡ್‌ನಿಂದ ಕೂಡಿಸಿದರೆ ಎಲ್ಲ ಗಣಿತವಾಗುತ್ತದೆ.

ಎಣಿಕೆ ಕೋಷ್ಟಕದ್ದು ಬೇರೆ ಜಾತಿಯ ತೊಂದರೆ, ಯಾವ ಸುಳಿವಿನಿಂದಲೂ ಹೋಗದು. ಒಂದೇ ಬಾರಿಗೆ 16 ಪಿಕ್ಸೆಲ್ ತೆಗೆದರೆ ಅದರಲ್ಲಿ ಎರಡು ಒಂದೇ ಮನೆಗೆ ಬರಬಹುದು, ಆಗ ಒಂದು ಎಣಿಕೆ ಕಳೆದುಹೋಗುತ್ತದೆ. ಕಂಪೈಲರ್ ನಿರಾಕರಿಸುವುದು ಸರಿಯೇ. ಇಲ್ಲಿ ಐವಿಡೆಪ್ ಪ್ರಾಗ್ಮಾ ಹಾಕಿ ಬಾಯಿ ಮುಚ್ಚಿಸಲು ಹೋಗಬೇಡಿ: ಸುತ್ತುಗಳ ನಡುವೆ ಅವಲಂಬನೆ ಇಲ್ಲ ಎಂದು ಅದು ಮಾತು ಕೊಡುತ್ತದೆ, ಇಲ್ಲಿ ಅವಲಂಬನೆ ಇದೆ.

ಲೂಪನ್ನೇ ಎರಡಾಗಿ ಒಡೆಯಿರಿ. ಮೊದಲನೆಯದು ಮಾಸ್ಕ್ ಮತ್ತು ಬಣ್ಣದ ಸಂಖ್ಯೆ ಮಾತ್ರ ಬರೆಯಲಿ, ಅದು ಪೂರ್ತಿ ವೆಕ್ಟರ್ ಆಗುತ್ತದೆ. ಎರಡನೆಯದು ಎಣಿಸಲಿ. ಇಡೀ ಚಿತ್ರಕ್ಕೆ ಒಮ್ಮೆ ಮಾಡುವ ಬದಲು ಒಂದೊಂದು ಅಡ್ಡಸಾಲಿಗೆ ಎರಡೂ ಮಾಡಿದರೆ, ಆ ಸಾಲಿನ ಡೇಟಾ 32 ಕಿಲೋಬೈಟಿನ ಮೊದಲ ಹಂತದ ಕ್ಯಾಶಿನಲ್ಲೇ ಉಳಿಯುತ್ತದೆ: ಬಣ್ಣ 3,840 ಬೈಟ್, ಮಾಸ್ಕ್ 1,280, ಸಂಖ್ಯೆ 1,280.

ಎಣಿಸುವ ಲೂಪಿಗೆ ಹಳೆಯ ಉಪಾಯ ಒಂದಿದೆ. ಅಡಿಕೆಯ ಮೇಲೆ ಅಕ್ಕಪಕ್ಕದ ಪಿಕ್ಸೆಲ್ ಬಹಳ ಸಲ ಒಂದೇ ಬಣ್ಣ. ಅದೇ ಮನೆಗೆ ಬರೆದು ಕೂಡಲೇ ಅದನ್ನೇ ಓದಿ ಮತ್ತೆ ಕೂಡಿಸಬೇಕಾದಾಗ ಪ್ರತಿ ಬಾರಿ ಹಿಂದಿನ ಬರಹಕ್ಕೆ ಕಾಯಬೇಕು. ಒಂದರ ಬದಲು ನಾಲ್ಕು ಕೋಷ್ಟಕ ಇಟ್ಟು, ಪಿಕ್ಸೆಲ್‌ಗಳನ್ನು ಸರದಿಯಂತೆ ಅವುಗಳಿಗೆ ಹಂಚಿ, ಕೊನೆಗೆ ಕೂಡಿಸಿ. 4×256×4 = 4,096 ಬೈಟ್, ಕ್ಯಾಶಿಗೆ ಭಾರವಲ್ಲ.

ಈಗ ರೆಸ್ಟ್ರಿಕ್ಟ್. ಸಿ ಭಾಷೆಯಲ್ಲಿ 1999ರಿಂದ ಇದೆ. ಸಿ ಪ್ಲಸ್ ಪ್ಲಸ್ ಮಾನಕದಲ್ಲಿ ಇಲ್ಲ, ಆದರೆ ಜಿಸಿಸಿ, ಕ್ಲ್ಯಾಂಗ್ ಎರಡೂ ಎರಡು ಅಡಿಗೆರೆ ಹಚ್ಚಿದ ರೂಪವನ್ನು ಒಪ್ಪುತ್ತವೆ. ಈ ಪಾಯಿಂಟರಿನಿಂದ ಮುಟ್ಟುವ ಜಾಗವನ್ನು ಬೇರೆ ದಾರಿಯಿಂದ ಯಾರೂ ಬದಲಿಸುವುದಿಲ್ಲ ಎಂದು ನೀವು ಮಾತು ಕೊಟ್ಟಂತೆ. ಮಾಸ್ಕ್ ಮತ್ತು ಚಿತ್ರ ಬೇರೆ ಬೇರೆ ಬಫರ್ ಆಗಿದ್ದರೆ ಇದು ಸತ್ಯ. ನಾಳೆ ಯಾರೋ ಮೆಮೊರಿ ಉಳಿಸಲು ಫಲಿತವನ್ನು ಚಿತ್ರದ ಬಫರಿಗೇ ಬರೆದರೆ ಸುಳ್ಳು. ಆಗ ದೋಷಸೂಚನೆ ಬರುವುದಿಲ್ಲ, ಉತ್ತರ ತಪ್ಪುತ್ತದೆ ಅಷ್ಟೆ. ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಎರಡು ಬಫರ್ ಒಂದರ ಮೇಲೊಂದು ಬಿದ್ದಿಲ್ಲ ಎಂಬ ಅಸರ್ಟ್ (ಓಡುವಾಗ ನಡೆಯುವ ಪರೀಕ್ಷೆ) ಇಡಿ.

ಬನವಾಸಿ ರಸ್ತೆ (ಶಿರಸಿ)

ಇದಕ್ಕೊಂದು ಸೇರಿಕೆ, ಓ2 ಮತ್ತು ಓ3 ವ್ಯತ್ಯಾಸ ಇಲ್ಲಿ ಮುಖ್ಯ. ಜಿಸಿಸಿ 12ರಿಂದ ಓ2ರಲ್ಲೂ ವೆಕ್ಟರ್ ಮಾಡುತ್ತದೆ, ಆದರೆ ತೀರಾ ಅಗ್ಗದ ಲೆಕ್ಕದಲ್ಲಿ: ಓಡುವಾಗ ಪರೀಕ್ಷೆ ಬೇಕಾದರೆ ಮಾಡುವುದಿಲ್ಲ, ಕೊನೆಗೆ ಬಿಡಿ ಸುತ್ತು ಉಳಿಯುವ ಹಾಗಿದ್ದರೂ ಮಾಡುವುದಿಲ್ಲ. ಓ3ರಲ್ಲಿ ಹಾಗಲ್ಲ. ಎರಡು ಬಫರ್ ಹೆಣೆದುಕೊಂಡಿವೆಯೇ ಎಂದು ಓಡುವಾಗಲೇ ನೋಡಿ, ಇಲ್ಲವಾದರೆ ವೇಗದ ದಾರಿ, ಇದ್ದರೆ ನಿಧಾನದ ದಾರಿ ಎಂದು ಎರಡು ಪ್ರತಿ ಮಾಡಿಡುತ್ತದೆ.

ಹಾಗಾಗಿ ಓ2ರಲ್ಲೇ ಇರಬೇಕೆಂದರೆ ಎರಡು ವಿಷಯ ತಿಳಿಸಬೇಕು: ರೆಸ್ಟ್ರಿಕ್ಟ್, ಮತ್ತು ಅಗಲ 1280 ಎಂಬ ಸ್ಥಿರಸಂಖ್ಯೆ. ಕ್ಯಾಮೆರಾ ಬದಲಾಗುವುದಿಲ್ಲವಾದರೆ ಅಗಲವನ್ನು ಟೆಂಪ್ಲೇಟ್ ಪ್ಯಾರಾಮೀಟರ್ (ಕಂಪೈಲ್ ಆಗುವಾಗಲೇ ಗೊತ್ತಿರುವ ಬೆಲೆ) ಮಾಡಿ. 1280 ಅಂದರೆ 16ರ 80 ಪಟ್ಟು, ಉಳಿಕೆ ಇಲ್ಲ. ಓ3ಗೆ ಹೋದರೆ ಎರಡೂ ಇಲ್ಲದೆ ನಡೆದೀತು. ಇಡೀ ಪ್ರೋಗ್ರಾಂ ಓ3 ಮಾಡುವ ಅಗತ್ಯವಿಲ್ಲ, ಆ ಒಂದು ಕಡತಕ್ಕೆ ಸಾಕು.

ಅಘನಾಶಿನಿ ದಂಡೆ (ಕುಮಟಾ)

ಪೂರ್ಣಾಂಕದ ಮಾತು ಸರಿ. ದಶಮಾಂಶದ (ಫ್ಲೋಟಿಂಗ್ ಪಾಯಿಂಟ್) ಲೆಕ್ಕದಲ್ಲಿ ಇದೇ ಪ್ರಶ್ನೆ ಹೇಗೆ? ಕಾರವಾರ ಬಂದರಿನ ಉಬ್ಬರ ಇಳಿತದ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಿ. 12.42 ಗಂಟೆಯ ಎಂ2, 12 ಗಂಟೆಯ ಎಸ್2, 23.93 ಗಂಟೆಯ ಕೆ1 ಹೀಗೆ ಉಬ್ಬರದ 37 ಘಟಕಗಳ (ಬೇರೆ ಬೇರೆ ಅವಧಿಯ ಅಲೆಗಳ) ಕೊಸೈನ್ ಕೂಡಿಸಬೇಕು. ನಿಮಿಷಕ್ಕೊಂದರಂತೆ ಒಂದು ವರ್ಷಕ್ಕೆ 5,25,600 ಬಿಂದು, ಅಂದರೆ 1.94 ಕೋಟಿ ಕೊಸೈನ್. ಲ್ಯಾಪ್‌ಟಾಪಿನಲ್ಲಿ, ಓ3ರಲ್ಲೂ ಈ ಕೂಡಿಕೆ ವೆಕ್ಟರ್ ಆಗುವುದಿಲ್ಲ. ದಶಮಾಂಶದ ನಿಯಮ ಸಡಿಲಿಸುವ ಫಾಸ್ಟ್-ಮ್ಯಾಥ್ ಆಯ್ಕೆ ಹಾಕಿದರೆ ಆಗುತ್ತದೆ. ಹಾಕಬಹುದೇ? ಅಳತೆ ಕಡತದಲ್ಲಿ ದಾಖಲೆ ತಪ್ಪಿದ ಗಂಟೆಗಳಿಗೆ ನ್ಯಾನ್ (ಸಂಖ್ಯೆಯಲ್ಲ ಎಂಬ ಬೆಲೆ) ತುಂಬಿರುತ್ತದೆ.

ಶರಾವತಿ ಬಂದರು (ಹೊನ್ನಾವರ)

ನ್ಯಾನ್ ಇದೆ ಅಂದಿರಲ್ಲ ಮಾರಾಯ್ರೆ, ಆ ಕಡತಕ್ಕೆ ಫಾಸ್ಟ್-ಮ್ಯಾಥ್ ಮುಟ್ಟಿಸಲೇಬಾರದು. ಅದರೊಳಗೆ ಫೈನೈಟ್-ಮ್ಯಾಥ್-ಓನ್ಲಿ ಅಡಗಿದೆ: ನ್ಯಾನ್, ಅನಂತ ಎರಡೂ ಈ ಪ್ರೋಗ್ರಾಮಿನಲ್ಲಿ ಬರುವುದೇ ಇಲ್ಲ ಎಂಬ ಮಾತು. ಒಪ್ಪಿಕೊಂಡ ಕಂಪೈಲರ್ ನಿಮ್ಮ ಈಸ್-ನ್ಯಾನ್ ಪರೀಕ್ಷೆಯನ್ನು ಯಾವಾಗಲೂ ಸುಳ್ಳು ಎಂದು ಅಳಿಸಿ ಹಾಕುತ್ತದೆ. ತಪ್ಪಿದ ಒಂದು ಗಂಟೆ ಇಡೀ ತಿಂಗಳ ಸರಾಸರಿಯನ್ನು ನ್ಯಾನ್ ಮಾಡುತ್ತದೆ, ಅದನ್ನು ಹಿಡಿಯಲೆಂದು ಬರೆದ ಸಾಲೇ ಅಲ್ಲಿ ಇರುವುದಿಲ್ಲ.

ಕೂಡಿಕೆ ತಾನಾಗಿ ವೆಕ್ಟರ್ ಆಗದಿರುವುದಕ್ಕೆ ಕಾರಣ, ದಶಮಾಂಶ ಸಂಕಲನದಲ್ಲಿ ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಡಬಲ್‌ನಲ್ಲಿ 10ರ 16ನೇ ಘಾತಕ್ಕೆ 1 ಕೂಡಿಸಿ ಅದೇ ಘಾತವನ್ನು ಕಳೆದರೆ 0 ಬರುತ್ತದೆ. ಮೊದಲು ಕಳೆದು ಆಮೇಲೆ 1 ಕೂಡಿಸಿದರೆ 1. ನಿಮ್ಮ ಅಪ್ಪಣೆ ಇಲ್ಲದೆ ಕಂಪೈಲರ್ ಈ ಬದಲಾವಣೆ ಮಾಡದು. ಅಪ್ಪಣೆಯನ್ನು ಬೇಕಾದಷ್ಟೇ ಕೊಡುವ ದಾರಿ ಓಪನ್‌ಎಂಪಿ: ಆ ಲೂಪಿನ ಮೇಲೆ ಸಿಮ್ಡ್ ಪ್ರಾಗ್ಮಾ ಇಟ್ಟು, ಕೂಡಿಕೆಯ ಚರವನ್ನು ರಿಡಕ್ಷನ್ ಎಂದು ಹೆಸರಿಸಿ, -ಎಫ್‌ಓಪನ್‌ಎಂಪಿ-ಸಿಮ್ಡ್ ಆಯ್ಕೆ ಕೊಡಿ. ಥ್ರೆಡ್ ಹುಟ್ಟುವುದಿಲ್ಲ, ಆ ಒಂದು ಚರದ ಕ್ರಮ ಮಾತ್ರ ಸಡಿಲವಾಗುತ್ತದೆ. ಜೊತೆಗೆ -ಎಫ್‌ನೋ-ಮ್ಯಾಥ್-ಎರ್ನೋ ಹಾಕಿದರೆ ವರ್ಗಮೂಲದಂಥವು ಲೈಬ್ರರಿಗೆ ಹೋಗದೆ ಒಂದೇ ಸೂಚನೆಯಾಗುತ್ತವೆ. ಎರ್ನೋ (ಗಣಿತ ಫಂಕ್ಷನ್ ತಪ್ಪನ್ನು ಬರೆದಿಡುವ ಚರ) ನೋಡುವ ಪ್ರೋಗ್ರಾಂ ಬಹಳ ಕಡಿಮೆ, ಇದು ನಿರಪಾಯ.

ಕೊಸೈನ್ ಕರೆಯೇ ವೆಕ್ಟರ್ ಆಗಬೇಕೆಂದರೆ ಎಕ್ಸ್86ರಲ್ಲಿ (ಲ್ಯಾಪ್‌ಟಾಪಿನ ಪ್ರೊಸೆಸರ್) ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ 2.22ರಿಂದ, ಅಂದರೆ 2015ರಿಂದ, ಲಿಬ್‌ಎಂವೆಕ್ ಎಂಬ ವೆಕ್ಟರ್ ಗಣಿತ ಲೈಬ್ರರಿ ಇದೆ. ಅದರ ನಿಖರತೆ ಕೊನೆಯ ಅಂಕೆಯ ನಾಲ್ಕು ಘಟಕದಷ್ಟು ಆಚೀಚೆ ಆಗಬಹುದು. ಅದಕ್ಕೇ ಜಿಸಿಸಿ ಫಾಸ್ಟ್-ಮ್ಯಾಥ್ ಇದ್ದರೆ ಮಾತ್ರ ಅದನ್ನು ಕರೆಯುತ್ತದೆ. ಕೊಸೈನ್ ಕೂಡಿಸುವ ಲೂಪನ್ನು ಪ್ರತ್ಯೇಕ ಕಡತಕ್ಕೆ ಹಾಕಿ, ಅದಕ್ಕೆ ಮಾತ್ರ ಆ ಆಯ್ಕೆ ಕೊಟ್ಟು ಕಂಪೈಲ್ ಮಾಡಿ. ನ್ಯಾನ್ ಇರುವ ಅಳತೆಗಳನ್ನು ಆ ಕಡತದ ಒಳಗೆ ಬಿಡಬೇಡಿ. ಕೊನೆಯ ಲಿಂಕ್ ಹೆಜ್ಜೆಯಲ್ಲಿ ಫಾಸ್ಟ್-ಮ್ಯಾಥ್ ಉಳಿಯದಂತೆಯೂ ನೋಡಿ. ಲಿಂಕ್‌ನಲ್ಲಿ ಇದ್ದರೆ ಇಡೀ ಪ್ರೋಗ್ರಾಮಿನಲ್ಲಿ ಅತಿ ಸಣ್ಣ ಸಂಖ್ಯೆಗಳನ್ನು ಸೊನ್ನೆ ಮಾಡುವ ಪ್ರಾರಂಭಕೋಡ್ ಸೇರುತ್ತದೆ. ಜಿಸಿಸಿ 13ಕ್ಕೆ ಮೊದಲು ಹಂಚಿಕೆ (ಶೇರ್ಡ್) ಲೈಬ್ರರಿಗೂ ಹೀಗೆ ಸೇರುತ್ತಿತ್ತು, ಅದನ್ನು ಲೋಡ್ ಮಾಡಿದ ಬೇರೆ ಪ್ರೋಗ್ರಾಮಿನ ಲೆಕ್ಕವೂ ಕೆಡುತ್ತಿತ್ತು.

ಕಾಳಿ ಸಂಗಮ (ಕಾರವಾರ)

ಉಬ್ಬರದ ಲೆಕ್ಕಕ್ಕೆ ಇನ್ನೂ ಒಳ್ಳೆಯ ದಾರಿ ಇದೆ, ಅಲ್ಲಿ ಕೊಸೈನೇ ಬೇಡ. ಪ್ರತಿ ಘಟಕದ ಕೋನ ನಿಮಿಷಕ್ಕೆ ಒಂದೇ ಪ್ರಮಾಣದಲ್ಲಿ ಏರುತ್ತದೆ. ಆರಂಭದ ಕೊಸೈನ್, ಸೈನ್ ಮತ್ತು ಒಂದು ಹೆಜ್ಜೆಯ ಕೊಸೈನ್, ಸೈನ್ ಇಟ್ಟುಕೊಂಡರೆ ಮುಂದಿನದು ನಾಲ್ಕು ಗುಣಾಕಾರ, ಒಂದು ಸಂಕಲನ, ಒಂದು ವ್ಯವಕಲನದಲ್ಲಿ ಬರುತ್ತದೆ. 37 ಘಟಕ ಒಂದಕ್ಕೊಂದು ಸಂಬಂಧವಿಲ್ಲದವು, ಹಾಗಾಗಿ ಈ ಹೆಜ್ಜೆ ಯಾವ ಅಪ್ಪಣೆಯೂ ಇಲ್ಲದೆ ವೆಕ್ಟರ್ ಆಗುತ್ತದೆ. ಸುತ್ತುಗಟ್ಟುವ (ರೌಂಡಿಂಗ್) ದೋಷ ನಿಧಾನವಾಗಿ ಜಮೆಯಾಗುವುದರಿಂದ ದಿನಕ್ಕೊಮ್ಮೆ, ಅಂದರೆ 1,440 ಹೆಜ್ಜೆಗೊಮ್ಮೆ, ನಿಜವಾದ ಕೊಸೈನ್ ಕರೆದು ಸರಿಮಾಡಿ. ವರ್ಷಕ್ಕೆ 365×37, ಸುಮಾರು 13,500 ಸಲ ಕೊಸೈನ್ ಮತ್ತು ಸೈನ್ ಸಾಕು.

ಅಘನಾಶಿನಿ ದಂಡೆ (ಕುಮಟಾ)

ಇದು ಸರಿ. ಫಾಸ್ಟ್-ಮ್ಯಾಥ್ ಬಿಟ್ಟು ಇದನ್ನೇ ಮಾಡುವುದು.

ಶರಾವತಿ ಬಂದರು (ಹೊನ್ನಾವರ)

ಅಡಿಕೆಯ ಕಡೆಗೆ ಮರಳೋಣ. ತೋಟದಂಚಿನವರೆ, ಮುಂದೆ ನೀವು ಅಸ್ಯೂಮ್ (ಇದು ನಿಜ ಎಂದು ನಂಬು ಎಂಬ ಸುಳಿವು) ಕಡೆ ಕೈ ಚಾಚುತ್ತೀರಿ ಎಂದು ಕಾಣುತ್ತದೆ, ಅದಕ್ಕೆ ಈಗಲೇ ಹೇಳುವುದು. ಸಿ ಪ್ಲಸ್ ಪ್ಲಸ್ 23ರಲ್ಲಿ ಅಸ್ಯೂಮ್ ಆಟ್ರಿಬ್ಯೂಟ್ ಬಂದಿದೆ. ಜಿಸಿಸಿ 12ರಲ್ಲಿ ಷರತ್ತು ಸುಳ್ಳಾದರೆ ಬಿಲ್ಟಿನ್ ಅನ್‌ರೀಚಬಲ್ ಎಂದು ಬರೆದು ಅದೇ ಫಲ ಪಡೆಯಬಹುದು. ಎರಡೂ ಅಸರ್ಟ್‌ನಂತೆ ಕಾಣುತ್ತವೆ, ಕೆಲಸ ತೀರಾ ಬೇರೆ. ಅಸರ್ಟ್ ಪರೀಕ್ಷೆ ಮಾಡುತ್ತದೆ. ಅಸ್ಯೂಮ್ ಪರೀಕ್ಷೆಗಳನ್ನು ತೆಗೆಯುತ್ತದೆ.

ಅಡಿಕೆಯ ಪಿಕ್ಸೆಲ್ ಎಣಿಕೆ ಸೊನ್ನೆಗಿಂತ ಹೆಚ್ಚು ಎಂದು ಅಸ್ಯೂಮ್ ಬರೆದಿರಿ ಎಂದುಕೊಳ್ಳಿ. ಕೆಳಗೆ ಎಲ್ಲೋ ಎಣಿಕೆ ಸೊನ್ನೆಯಾದರೆ ಸರಾಸರಿ ಹಾಕದೆ ಮರಳು ಎಂಬ ಸಾಲು ಇದೆ. ಆ ಸಾಲು ಅಳಿದುಹೋಗುತ್ತದೆ. ಬೆಲ್ಟ್ ಖಾಲಿ ಬಂದ ದಿನ ಸೊನ್ನೆಯಿಂದ ಭಾಗಾಕಾರ. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಕೂಡಲೇ ಬೀಳುತ್ತದೆ, ಯಾಕೆಂದರೆ ಎಕ್ಸ್86 ಪೂರ್ಣಾಂಕದ ಸೊನ್ನೆ ಭಾಗಾಕಾರಕ್ಕೆ ಅಡ್ಡಿ ಎಬ್ಬಿಸುತ್ತದೆ. ಪೈಯಲ್ಲಿ ಬೀಳುವುದಿಲ್ಲ, ಆರ್ಮ್ ಭಾಗಾಕಾರದ ಸೂಚನೆ ಸುಮ್ಮನೆ 0 ಕೊಡುತ್ತದೆ. ಸರಾಸರಿ ಬಣ್ಣ 0, ಅಂದರೆ ಕಡುಕಪ್ಪು, ಅಂದರೆ ನಿಮ್ಮ ಲೆಕ್ಕದಲ್ಲಿ ಕೋಕಾ. ಖಾಲಿ ಜಾಗಕ್ಕೆ ಗಾಳಿಯ ಕವಾಟ ಹೊಡೆಯುತ್ತಾ ಇರುತ್ತದೆ, ಯಾವ ಲಾಗ್‌ನಲ್ಲೂ ಕಾರಣ ಕಾಣದು.

ನನ್ನ ಪದ್ಧತಿ: ಒಂದು ಮ್ಯಾಕ್ರೋ ಮಾಡಿ. ಪರೀಕ್ಷೆಯ ಬಿಲ್ಡಿನಲ್ಲಿ ಅದು ಅಸರ್ಟ್, ಅಂತಿಮ ಬಿಲ್ಡಿನಲ್ಲಿ ಅಸ್ಯೂಮ್. ಸ್ಯಾನಿಟೈಜರ್ (ಓಡುವಾಗ ತಪ್ಪು ಹಿಡಿಯುವ ಸಾಧನ) ಹಾಕಿದ ಪರೀಕ್ಷೆಯ ಬಿಲ್ಡನ್ನು ಖಾಲಿ ಬೆಲ್ಟ್, ತುಂಬಿದ ಬೆಲ್ಟ್, ಅರ್ಧ ಫ್ರೇಮ್ ಮೂರಕ್ಕೂ ಓಡಿಸಿ. ಅಸ್ಯೂಮ್ ಒಳಗೆ ಫಂಕ್ಷನ್ ಕರೆ ಬೇಡ. ಕ್ಲ್ಯಾಂಗ್ ತನ್ನ ಬಿಲ್ಟಿನ್ ಅಸ್ಯೂಮ್‌ನಲ್ಲಿ ಅಡ್ಡಪರಿಣಾಮ ಇರಬಹುದಾದ ಮಾತನ್ನು ಎಚ್ಚರಿಸಿ ಬಿಟ್ಟುಬಿಡುತ್ತದೆ. ಮತ್ತು ಹೊರಗಿನಿಂದ ಬರುವ ಡೇಟಾದ ಮೇಲೆ, ಕ್ಯಾಮೆರಾ ಇರಲಿ ಕಡತ ಇರಲಿ, ಎಂದೂ ಅಸ್ಯೂಮ್ ಬೇಡ.

ಬನವಾಸಿ ರಸ್ತೆ (ಶಿರಸಿ)

ಕೈಯಿಂದ ಲೈಕ್ಲಿ, ಹಾಟ್, ಕೋಲ್ಡ್ ಬರೆಯುತ್ತ ಕೂರುವ ಬದಲು ಪ್ರೊಫೈಲ್ (ಓಡಿಸಿ ತೆಗೆದ ಎಣಿಕೆ) ಕೊಡಿ ಎಂಬುದು ನನ್ನ ಅಭಿಪ್ರಾಯ. ನೂರು ಕವಲುಗಳ ನಿಜವಾದ ಪ್ರಮಾಣ ಒಮ್ಮೆಗೇ ಕಂಪೈಲರ್‌ಗೆ ಸಿಗುತ್ತದೆ, ಆರು ತಿಂಗಳ ಮೇಲೆ ಡೇಟಾ ಬದಲಾದರೆ ಮತ್ತೆ ತೆಗೆದರಾಯಿತು. ಕೈಯಲ್ಲಿ ಬರೆದ ಲೈಕ್ಲಿ ಹಾಗೇ ಹಳಸುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಬರೆದ ಲೈಕ್ಲಿ ಗುರುತುಗಳು ಎಷ್ಟು ಸಲ ತಪ್ಪಾದವು ಎಂದು ಎಣಿಸಲು ಪ್ರತ್ಯೇಕ ಕಾನ್ಫಿಗ್ ಆಯ್ಕೆಯನ್ನೇ ಇಟ್ಟಿದ್ದಾರೆ.

ಹೆಜ್ಜೆ ಹೀಗೆ: -ಎಫ್‌ಪ್ರೊಫೈಲ್-ಜನರೇಟ್ ಹಾಕಿ ಕಂಪೈಲ್ ಮತ್ತು ಲಿಂಕ್ ಎರಡೂ ಮಾಡಿ, ನಿಜವಾದ ಫ್ರೇಮುಗಳ ಮೇಲೆ ಓಡಿಸಿ, ಜಿಸಿಡಿಎ ಕಡತಗಳು ಹುಟ್ಟುತ್ತವೆ, ಆಮೇಲೆ -ಎಫ್‌ಪ್ರೊಫೈಲ್-ಯೂಸ್ ಹಾಕಿ ಅದೇ ಜಾಗದಲ್ಲಿ ಮತ್ತೆ ಕಂಪೈಲ್.

ಎಡವುವ ಜಾಗ ನಾಲ್ಕಾರು ಇವೆ. ಪ್ರೋಗ್ರಾಂ ಸಹಜವಾಗಿ ಮುಗಿದಾಗ ಮಾತ್ರ ಎಣಿಕೆ ಡಿಸ್ಕಿಗೆ ಹೋಗುತ್ತದೆ. ಬೆಲ್ಟ್ ಪ್ರೋಗ್ರಾಂ ಮುಗಿಯದೆ ಓಡುತ್ತಿರುತ್ತದೆ, ಕಿಲ್ ಮಾಡಿದರೆ ಕಡತವೇ ಹುಟ್ಟದು. 2,000 ಫ್ರೇಮ್ ಆದ ಮೇಲೆ ತಾನೇ ಮುಗಿಯುವ ಆಯ್ಕೆ ಒಂದು ಇಡಿ, ಅಥವಾ ಜಿಕಾವ್ ಡಂಪ್ ಫಂಕ್ಷನ್ ಕರೆಯಿರಿ. ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ ಪೈಯಲ್ಲಿ ಓಡಿಸಿದರೆ ಲ್ಯಾಪ್‌ಟಾಪಿನ ಫೋಲ್ಡರ್ ಹೆಸರನ್ನೇ ಪೈಯಲ್ಲಿ ಹುಡುಕುತ್ತದೆ. ಜಿಕಾವ್-ಪ್ರಿಫಿಕ್ಸ್ ಎಂಬ ಪರಿಸರ ಚರದಿಂದ ಜಾಗ ತಿರುಗಿಸಿ. ಹಲವು ಥ್ರೆಡ್ ಇದ್ದರೆ ಎಣಿಕೆ ಕಲಸುತ್ತದೆ, -ಎಫ್‌ಪ್ರೊಫೈಲ್-ಅಪ್ಡೇಟ್=ಅಟಾಮಿಕ್ ಬೇಕು. ಕೋಡ್ ತಿದ್ದಿ ಹಳೆಯ ಪ್ರೊಫೈಲ್ ಕೊಟ್ಟರೆ ಹೊಂದುತ್ತಿಲ್ಲ ಎಂದು ಎಚ್ಚರಿಕೆ ಬರುತ್ತದೆ, ಅದನ್ನು ಮುಚ್ಚಬೇಡಿ, ಹೊಸದಾಗಿ ತೆಗೆಯಿರಿ.

ಎಲ್ಲಕ್ಕಿಂತ ಮುಖ್ಯ, ಯಾವ ಫ್ರೇಮ್ ಕೊಡುತ್ತೀರಿ ಎಂಬುದು. ಒಣಗಿದ ಹೊಸ ಚಾಲಿ ಮಾತ್ರ ಕೊಟ್ಟು ಪ್ರೊಫೈಲ್ ತೆಗೆದರೆ ಕೋಕಾದ ದಾರಿ ಎಂದೂ ನಡೆಯದ್ದು ಎಂದು ಕಂಪೈಲರ್ ಗಾತ್ರಕ್ಕಾಗಿ ಕುಗ್ಗಿಸಿಡುತ್ತದೆ. ಆಷಾಢದ ಮೋಡದ ಬೆಳಕು, ಬೂಷ್ಟು ಹಿಡಿದ ಲಾಟ್, ಖಾಲಿ ಬೆಲ್ಟ್ ಎಲ್ಲ ಸೇರಿರಲಿ.

ಶರಾವತಿ ಬಂದರು (ಹೊನ್ನಾವರ)

ಪ್ರೊಫೈಲ್ ಒಳ್ಳೆಯದು, ಆದರೆ ಅದು ಸಂಭವ ಹೇಳುತ್ತದೆಯೇ ಹೊರತು ಖಾತ್ರಿ ಕೊಡುವುದಿಲ್ಲ. ಎರಡು ಪಾಯಿಂಟರ್ ಎಂದೂ ಹೆಣೆದುಕೊಳ್ಳವು ಎಂಬುದು ಎಷ್ಟು ಓಡಿಸಿದರೂ ಪ್ರೊಫೈಲಿನಿಂದ ಸಿದ್ಧವಾಗದು. ಇವರ ಲೂಪಿಗೆ ಬೇಕಾದ್ದು ರೆಸ್ಟ್ರಿಕ್ಟ್‌ನಂಥ ಖಾತ್ರಿ. ಕೋಡ್ ದೊಡ್ಡದಾಗಿ, ಕವಲು ನೂರಾರು ಇದ್ದಾಗ ಪ್ರೊಫೈಲ್ ಮೊದಲು. ಸಣ್ಣ ಬಿಗಿಯಾದ ಲೂಪಿಗೆ ಖಾತ್ರಿ ಮೊದಲು.

ಘಟ್ಟದ ಮೇಲೆ (ಯಲ್ಲಾಪುರ)

ರಸ್ಟ್ ಮತ್ತು ಗೋ ಬಳಸುವವರಿಗೆ ಎರಡು ಮಾತು. ರಸ್ಟ್‌ನಲ್ಲಿ ಬದಲಿಸಬಹುದಾದ ರೆಫರೆನ್ಸ್ ಒಂದೇ ಇರಬೇಕೆಂಬ ನಿಯಮದಿಂದ ರೆಸ್ಟ್ರಿಕ್ಟ್ ತಾನಾಗಿ ಸಿಕ್ಕಂತೆ. ರಸ್ಟ್ ಒಳಗೆ ಬಳಸುವ ಎಲ್‌ಎಲ್‌ವಿಎಂ ಎಂಬ ಕೋಡ್ ಹುಟ್ಟಿಸುವ ಭಾಗದ ದೋಷಗಳಿಂದ ಆ ಮಾಹಿತಿ ಕೊಡುವುದನ್ನು ಕೆಲವು ಸಲ ನಿಲ್ಲಿಸಿ, 2021ರ 1.54 ಆವೃತ್ತಿಯಲ್ಲಿ ಮತ್ತೆ ಶುರುಮಾಡಿದರು. ಅಲ್ಲಿ ಅಡ್ಡ ಬರುವುದು ಅರೇ ಗಡಿ ಪರೀಕ್ಷೆ. ಲೂಪಿಗೆ ಮೊದಲು ಉದ್ದಕ್ಕೆ ಒಂದು ಅಸರ್ಟ್ ಬರೆದರೆ ಒಳಗಿನ ಪರೀಕ್ಷೆಗಳೆಲ್ಲ ಬಿದ್ದುಹೋಗುತ್ತವೆ, ಸುರಕ್ಷತೆಯೂ ಉಳಿಯುತ್ತದೆ. ಮೂರು ಬೈಟಿನ ಪಿಕ್ಸೆಲ್‌ಗೆ ಸಮ ತುಂಡು ಮಾಡಿ ಕೊಡುವ ಚಂಕ್ಸ್-ಎಕ್ಸಾಕ್ಟ್ ಇನ್ನೂ ಚೆಂದ. ಗೋ ಭಾಷೆಯಲ್ಲೂ ಲೂಪಿಗೆ ಮೊದಲು ಕೊನೆಯ ಸೂಚ್ಯಂಕವನ್ನು ಒಮ್ಮೆ ಓದಿ ಬಿಟ್ಟುಬಿಡುವ ರೂಢಿ ಇದಕ್ಕೇ. ಗೋ 1.21ರಿಂದ ಮುಖ್ಯ ಪ್ಯಾಕೇಜಿನ ಫೋಲ್ಡರಿನಲ್ಲಿ ಡಿಫಾಲ್ಟ್ ಡಾಟ್ ಪಿಜಿಓ ಎಂಬ ಕಡತ ಇಟ್ಟರೆ ಪ್ರೊಫೈಲನ್ನು ತಾನೇ ಬಳಸುತ್ತದೆ.

ತೋಟದಂಚು (ಶಿರಸಿ)

ಲೂಪ್ ಒಡೆದು, ಕವಲು ತೆಗೆದು, ಅಗಲ ಸ್ಥಿರ ಮಾಡಿ, ರೆಸ್ಟ್ರಿಕ್ಟ್ ಹಾಕಿದ ಮೇಲೆ ಮೊದಲ ಲೂಪ್ ವೆಕ್ಟರ್ ಆಯಿತು ಎಂದು ವರದಿ ಹೇಳುತ್ತಿದೆ, 16 ಬೈಟಿನ ತುಂಡುಗಳಲ್ಲಿ. ಬಣ್ಣದ ಲೈಕ್ಲಿ, ಪ್ರಿಫೆಚ್ ಎರಡೂ ತೆಗೆದದ್ದಾಗಿದೆ. 33 ಮಿಲಿಸೆಕೆಂಡಿನ ಒಳಗೆ ಬರುತ್ತಿದೆ. ಆದರೆ ಬೆಳಿಗ್ಗೆ ಒಂದು ಸಂಖ್ಯೆ, ಮಧ್ಯಾಹ್ನ ಇನ್ನೊಂದು. ನಾಲ್ಕು ಕೋಷ್ಟಕದಿಂದ ಲಾಭ ಇದೆಯೋ ಇಲ್ಲವೋ ಈ ಅಳತೆಯಲ್ಲಿ ತಿಳಿಯುವಂತಿಲ್ಲ.

ಕಾಳಿ ಸಂಗಮ (ಕಾರವಾರ)

ಮಧ್ಯಾಹ್ನ ಪೈ ಕಾದಿರುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಪೈ 4 ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಕರಾವಳಿಯ ಸೆಕೆಯಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ, ಫ್ಯಾನ್ ಇಲ್ಲದೆ ಇದು ಬೇಗ ಆಗುತ್ತದೆ. ಶಿರಸಿಯಲ್ಲೂ ಅಡಿಕೆ ಧೂಳು ಹೀಟ್‌ಸಿಂಕಿನ ಮೇಲೆ ಕೂತರೆ ಅಷ್ಟೇ. ವಿಸಿಜೆನ್‌ಸಿಎಂಡಿ ಆಜ್ಞೆಗೆ ಗೆಟ್-ಥ್ರಾಟಲ್ಡ್ ಎಂದು ಕೇಳಿ. ಸೊನ್ನೆ ಬರದಿದ್ದರೆ ಆ ಅಳತೆ ಎಸೆಯಿರಿ. ವಿದ್ಯುತ್ ಕಡಿಮೆಯಾದದ್ದೂ ಅದರಲ್ಲೇ ಕಾಣುತ್ತದೆ, ಮಳೆಗಾಲದಲ್ಲಿ ಅದನ್ನೂ ನೋಡಿ.

ಅಳೆಯುವಾಗ ಪ್ರೊಸೆಸರಿನ ವೇಗ ನಿಯಂತ್ರಿಸುವ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಇಡಿ. ಕ್ಯಾಮೆರಾ ಬದಲು ಡಿಸ್ಕಿನಲ್ಲಿ ಉಳಿಸಿದ ಅದೇ 200 ಫ್ರೇಮುಗಳನ್ನು ಮೆಮೊರಿಗೆ ಮೊದಲೇ ತುಂಬಿಕೊಂಡು ಓಡಿಸಿ. ಹಳೆಯದು, ಹೊಸದು ಸರದಿಯಾಗಿ ಇಪ್ಪತ್ತು ಸಲ ಓಡಿಸಿ ಮಧ್ಯದ ಬೆಲೆ ಹೋಲಿಸಿ. ಫಲಿತವನ್ನು ಎಲ್ಲೂ ಬಳಸದಿದ್ದರೆ ಕಂಪೈಲರ್ ಇಡೀ ಲೂಪನ್ನೇ ಅಳಿಸಬಹುದು, ಕೊನೆಗೆ ಎಣಿಕೆಗಳ ಮೊತ್ತ ಮುದ್ರಿಸಿ. ಲಿನಕ್ಸ್‌ನ ಅಳತೆ ಸಾಧನ ಪರ್ಫ್ ಸ್ಟ್ಯಾಟ್‌ನಲ್ಲಿ ಸೈಕಲ್, ಸೂಚನೆ, ಕವಲು ತಪ್ಪು ಮೂರೂ ತೆಗೆಯಿರಿ. ಸೈಕಲ್ ಎಣಿಕೆ ಗಡಿಯಾರದ ಸಮಯಕ್ಕಿಂತ ಸ್ಥಿರ. ನಾಲ್ಕು ಕೋಷ್ಟಕದ ಲಾಭ ಅಲ್ಲಿ ಕಾಣಬೇಕು: ಸೂಚನೆಗಳು ಹೆಚ್ಚುಕಡಿಮೆ ಅಷ್ಟೇ ಇದ್ದು ಸೈಕಲ್ ಇಳಿದಿದ್ದರೆ ಕಾಯುವುದು ತಪ್ಪಿದೆ ಎಂದರ್ಥ.

ತೋಟದಂಚು (ಶಿರಸಿ)

ಗೆಟ್-ಥ್ರಾಟಲ್ಡ್ ಸೊನ್ನೆ ಇರಲಿಲ್ಲ. ಫ್ಯಾನ್ ಹಾಕಿ ಮತ್ತೆ ಅಳೆದರೆ ಸೈಕಲ್ ಇಳಿದದ್ದು ಸ್ಪಷ್ಟ, ನಾಲ್ಕು ಕೋಷ್ಟಕ ಉಳಿಯುತ್ತವೆ. ಕೊನೆಯ ಪ್ರಶ್ನೆ: ಇನ್ನೊಂದು ಯಂತ್ರಕ್ಕೆ ಪೈ 5 ಬರಲಿದೆ. ಅದರ ಮೇಲೆ ನೇಟಿವ್ (ಬಿಲ್ಡ್ ಆಗುವ ಯಂತ್ರಕ್ಕೇ ತಕ್ಕಂತೆ) ಎಂದು ಬಿಲ್ಡ್ ಮಾಡಿ ಎರಡಕ್ಕೂ ಒಂದೇ ಕಡತ ಹಂಚಬಹುದೇ?

ಬನವಾಸಿ ರಸ್ತೆ (ಶಿರಸಿ)

ಬೇಡ. ಪೈ 5ರಲ್ಲಿ ಇರುವುದು ಕಾರ್ಟೆಕ್ಸ್ ಎ76, ಅದಕ್ಕೆ ಗೊತ್ತಿರುವ ಕೆಲವು ಸೂಚನೆಗಳು ಎ72ಗೆ ಗೊತ್ತಿಲ್ಲ. ಹಳೆಯ ಯಂತ್ರದಲ್ಲಿ ಅಮಾನ್ಯ ಸೂಚನೆ ಎಂದು ಬೀಳುತ್ತದೆ, ಅದೂ ಆ ಸೂಚನೆ ಇರುವ ಫಂಕ್ಷನ್ ಮೊದಲ ಸಲ ಓಡಿದಾಗ, ಶುರುವಿನಲ್ಲೇ ಬೀಳಬೇಕೆಂದಿಲ್ಲ. -ಎಂಸಿಪಿಯು=ಕಾರ್ಟೆಕ್ಸ್-ಎ72 ಎಂದು ಬರೆದು ಬಿಲ್ಡ್ ಮಾಡಿದರೆ ಎರಡರಲ್ಲೂ ಓಡುತ್ತದೆ. ಆರ್ಮ್‌ನಲ್ಲಿ ಆ ಒಂದೇ ಆಯ್ಕೆ ಸೂಚನೆಗಳ ಗುಂಪನ್ನೂ ಜೋಡಣೆಯ ಲೆಕ್ಕವನ್ನೂ ನಿಗದಿ ಮಾಡುತ್ತದೆ.

ಇನ್ನೊಂದು, ವೆಕ್ಟರ್ ಆದ ಲೂಪುಗಳನ್ನು ಹೇಳುವ -ಎಫ್ಆಪ್ಟ್-ಇನ್ಫೋ-ವೆಕ್ (ಮಿಸ್ಡ್ ಇಲ್ಲದ) ಆಯ್ಕೆಯನ್ನು ಆ ಒಂದು ಕಡತದ ಮೇಕ್ ಸಾಲಿನಲ್ಲಿ ಶಾಶ್ವತವಾಗಿ ಇಟ್ಟು, ಮೊದಲ ಲೂಪಿನ ಸಾಲಿಗೆ ವೆಕ್ಟರ್ ಆಯಿತು ಎಂಬ ಮಾತು ಬಾರದಿದ್ದರೆ ಬಿಲ್ಡ್ ನಿಲ್ಲುವಂತೆ ಮಾಡಿ. ಓಎಸ್ ಅಪ್ಡೇಟ್ ಆಗಿ ಜಿಸಿಸಿ ಬದಲಾದ ದಿನ, ಅಥವಾ ಯಾರೋ ಲೂಪಿನೊಳಗೆ ಒಂದು ಇಫ್ ಸೇರಿಸಿದ ದಿನ, ಅದು ಅಲ್ಲೇ ಗೊತ್ತಾಗಬೇಕು.